ಹಿಂದಿನ ಬೆಂಚಿನ ಕಂಡಕ್ಟರ್

ನಿವೃತ್ತಿಯಾದ ಮೇಲೆ ಕಂಡಕ್ಟರಿಗೆ ಹೊಸ ಕೆಲಸವೊಂದು ಗಂಟುಬಿದ್ದಿತ್ತು, ಸಂಬಳವಿಲ್ಲದ್ದು. ಮರೆವಿನ ಕಾಯಿಲೆಯವರ ಸಂಘಕ್ಕಾಗಿ ಸಹಿ ಕೂಡಿಸುವುದು, ಕಚೇರಿಗಳಿಗೆ ಎಡತಾಕುವುದು, ಶಾಸಕರ ಬೆನ್ನು ಹತ್ತುವುದು. ಈ ಕಾಯಿಲೆಗೆ ಸರ್ಕಾರದ್ದೊಂದು ನೀತಿ ಬೇಕು, ಸಂಶೋಧನೆಗೆ ಹಣ ಬೇಕು ಎಂದು ಹೇಳಿ ಹೇಳಿ ನಾಲಿಗೆ ಸವೆದಿತ್ತು. ಅಪಾಯಿಂಟ್‌ಮೆಂಟ್ ಇಲ್ಲ ಎಂದು ಗದರುವ ಗುಮಾಸ್ತರಿಗೆ ಅವನು ಜಗ್ಗುವವನಲ್ಲ. ಚಿಲ್ಲರೆಗಾಗಿ ತೋಳೇರಿಸಿ ನಿಂತವರನ್ನೇ ನಿಭಾಯಿಸಿ ಬಂದವನು.

ಇಷ್ಟಕ್ಕೆಲ್ಲ ಕಾರಣ ಡ್ರೈವರ್ ಅಣ್ಣ. ಇಪ್ಪತ್ತೆರಡು ವರ್ಷ ಇಬ್ಬರದೂ ಒಂದೇ ಬಸ್ಸು. ಬಸ್ಸು ಓಡುವಾಗ ಕಂಡಕ್ಟರ್ ರಸ್ತೆಗೆ ಬೆನ್ನು ಹಾಕಿ ಟಿಕೆಟ್ ಹರಿದ. ಮುಂದೇನಿದೆ ಎಂದು ಒಂದು ದಿನವೂ ತಿರುಗಿ ನೋಡಲಿಲ್ಲ. ಮೈಮೇಲೆ ಒಂದು ಗೀರೂ ಇಲ್ಲದೆ ಪ್ರತಿ ಸಂಜೆ ಮನೆ ಸೇರಿದ. ಅದೊಂದು ಋಣ ಎಂದು ಆಗ ಹೊಳೆದಿರಲಿಲ್ಲ. ಅಣ್ಣ ತನ್ನ ಮನೆಯ ಬೀದಿಯಲ್ಲೇ ದಾರಿ ತಿಳಿಯದೆ ನಿಂತ ದಿನ ಹೊಳೆಯಿತು.

ಈಗ ಶಾಸಕರ ಸಮಿತಿ ಅಹವಾಲು ಕೇಳುವ ದಿನ ಬಂದಿತ್ತು. ಕಾಯಿಲೆಯವರೇ ಒಬ್ಬರು ಮಾತಾಡಲಿ ಎಂದಿತು ಸಂಘ. ನಾನೇ ಆಡುತ್ತೇನೆ ಎಂದ ಅಣ್ಣ. ಇನ್ನಾರು ತಿಂಗಳು ಕಳೆದರೆ ಅವನಲ್ಲಿ ಎಷ್ಟು ಮಾತು ಉಳಿದೀತೋ, ವೈದ್ಯರೂ ಹೇಳುವಂತಿರಲಿಲ್ಲ. ಅತ್ತಿಗೆ ಮಾತ್ರ ಸುತರಾಂ ಒಪ್ಪಲಿಲ್ಲ.

"ಜೀವಮಾನವೆಲ್ಲ ತಲೆ ಎತ್ತಿ ಬದುಕಿದೋರು. ನಾಲ್ಕು ಜನರ ಮುಂದೆ ನಗೆಪಾಟಲಾಗೋದು ಬೇಡ ಕಣಪ್ಪ."

ಕೊನೆಗೆ ಒಂದು ಷರತ್ತು ಹಾಕಿ ಒಪ್ಪಿದಳು. ಅಣ್ಣ ತಡವರಿಸಿದರೆ ಹಿಂದೆ ಕೂತ ಕಂಡಕ್ಟರ್ ಬೆಂಚಿಗೆ ಒಂದು ಸಲ ತಟ್ಟಬೇಕು. ಬಸ್ಸಿನಲ್ಲಿ ಒಂದು ತಟ್ಟಿದರೆ ನಿಲ್ಲು, ಎರಡು ತಟ್ಟಿದರೆ ಹೊರಡು. ಉಂಡದ್ದು ಮರೆತರೂ ಅಣ್ಣನಿಗೆ ಅದು ಮರೆತಿರಲಿಲ್ಲ. ತಟ್ಟಿ ನಿಲ್ಲಿಸಿ, ಮರ್ಯಾದೆಯಾಗಿ ಮನೆಗೆ ಕರೆತರಬೇಕು. ಕಂಡಕ್ಟರ್ ಮಾತು ಕೊಟ್ಟ.

ಸಮಿತಿಯಲ್ಲಿ ಏಳು ಜನ; ಇಬ್ಬರ ಕಣ್ಣು ಫೋನಿನ ಮೇಲೆ. ಅಣ್ಣ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಎದ್ದು ನಿಂತ, ಚೆನ್ನಾಗಿಯೇ ಶುರುಮಾಡಿದ. ಸ್ಟೀರಿಂಗ್ ಬಿಟ್ಟದ್ದು ಹೇಳಿದ, ಕಾಯಿಲೆ ವಾಸಿಮಾಡುವ ಗುಳಿಗೆ ಇನ್ನೂ ಇಲ್ಲದ್ದು ಹೇಳಿದ, ಹೆಂಡತಿ ನೆಮ್ಮದಿಯಾಗಿ ನಿದ್ದೆ ಮಾಡಿ ಎಷ್ಟೋ ಕಾಲವಾಯಿತೆಂದ. ಅಲ್ಲಿಗೆ ಮಾತು ನಿಂತುಹೋಯಿತು.

ಯಾರೋ ಕೆಮ್ಮಿದರು. ಒಬ್ಬ ಸದಸ್ಯ ತುಟಿಯಂಚಿನಲ್ಲಿ ನಕ್ಕ. ಅತ್ತಿಗೆ ಕಂಡಕ್ಟರನ ಮೊಣಕೈ ಹಿಡಿದು ಜಗ್ಗಿದಳು. ಅವನು ಕೈ ಎತ್ತಿದ, ಎತ್ತಿದವನು ಅಣ್ಣನ ಬೆನ್ನು ನೋಡಿದ. ಸ್ಟಾಪು ಸ್ಟಾಪಿನಲ್ಲೂ ಕಂಡ ಆ ಬೆನ್ನು ಅವನಿಗೆ ಇಪ್ಪತ್ತೆರಡು ವರ್ಷದಿಂದ ಗೊತ್ತು. ಅದರಲ್ಲಿ ಗಾಬರಿ ಇರಲಿಲ್ಲ. ಎರಡೂ ಕೈ ಮೇಜಿನಂಚು ಹಿಡಿದಿದ್ದವು, ಜನ ಹತ್ತಿ ಮುಗಿಯಲಿ ಎಂದು ಕಾಯುವಾಗ ಸ್ಟೀರಿಂಗ್ ಹಿಡಿಯುತ್ತಿದ್ದ ಹಾಗೆಯೇ. ಕಂಡಕ್ಟರ್ ಕೊಟ್ಟ ಮಾತಿಗೆ ತಪ್ಪಿದ. ಎರಡು ತಟ್ಟಿದ.

ಅಣ್ಣ ಹೊರಟ.

"ನನ್ನ ಬಸ್ಸು ಹೋಯ್ತು ಸ್ವಾಮಿ, ಇರಲಿ. ಸ್ಟಾಪಲ್ಲಿ ಇನ್ನೂ ಜನ ನಿಂತಿದಾರೆ. ಅವರಿಗೊಂದು ಬಿಡಿ."

ಫೋನುಗಳು ಮೇಜಿನ ಮೇಲೆ ಮಗುಚಿಕೊಂಡವು. ನಕ್ಕವನು ಪೆನ್ನು ತೆಗೆದ. ಸಂಶೋಧನೆಗೆ ಹಣ ಕೊಡಬೇಕೆಂದು ತಮ್ಮ ವರದಿಯಲ್ಲೇ ಬರೆಯುವುದಾಗಿ ಅಧ್ಯಕ್ಷೆ ಎಲ್ಲರೆದುರು ಹೇಳಿದರು. ಆಮೇಲೆ, ಬೆಂಚು ತಟ್ಟಿದವರು ಯಾರು ಎಂದು ಕೇಳಿದರು.

ಅಣ್ಣ ತಿರುಗಿ ನೋಡಿದ. ತುಂಬ ಹೊತ್ತು ನೋಡಿದ.

"ಹೆಸರು ಬಾಯಿಗೆ ಬರ್ತಿಲ್ಲ. ಇವನು ಹಿಂದೆ ಇದಾನೆ ಅಂದ್ರೆ ಎಲ್ರೂ ಹತ್ತಿದಾರೆ, ಬಾಗಿಲು ಹಾಕಿದೆ ಅಂತ. ನಾನು ತಿರುಗಿ ನೋಡ್ಬೇಕಾಗಿಲ್ಲ."

ಮೊಣಕೈ ಹಿಡಿದಿದ್ದ ಅತ್ತಿಗೆ ಅದನ್ನು ಬಿಡದೆ ಇನ್ನೊಂದು ಕೈಯಲ್ಲಿ ಕಣ್ಣೊರೆಸಿಕೊಂಡಳು. ಕಂಡಕ್ಟರಿಗೆ ಎದೆ ತುಂಬಿ ಬಂತು. ಋಣವೆಲ್ಲ ತನ್ನೊಬ್ಬನದೇ ಎಂದುಕೊಂಡಿದ್ದ ಅವನು. ದಾಖಲೆಗೆ ಬೇಕೆಂದು ಗುಮಾಸ್ತ ಹೆಸರು ಕೇಳಿದಾಗ ಅಣ್ಣನನ್ನೇ ನೋಡುತ್ತ ಹೇಳಿದ.

"ಕಂಡಕ್ಟರ್ ಅಂತ್ಲೇ ಬರ್ಕೊಳ್ಳಿ."