ಕೋಟಿನೊಳಗಿನ ಸೌಟು

ಮರುಳಸಿದ್ದಯ್ಯನವರು ದೂರದಲ್ಲಿ ಬರುತ್ತಿದ್ದರೆ ಮುಖಕ್ಕಿಂತ ಮೊದಲು ಕಾಣುತ್ತಿದ್ದುದು ಅವರ ಕತ್ತಿನ ಪಕ್ಕದಲ್ಲಿ ಇಣುಕುವ ಮರದ ಹಿಡಿ. ಕಂದುಬಣ್ಣದ ಹಳೆಯ ಕೋಟಿನ ಒಳಜೇಬಿನಲ್ಲಿ ಅವರು ಸದಾ ಹಲಸಿನ ಮರದ ಸೌಟೊಂದನ್ನು ಇಟ್ಟುಕೊಳ್ಳುತ್ತಿದ್ದರು. ಅದರ ಹಿಡಿ ಕಾಲರಿನಿಂದ ನಾಲ್ಕು ಬೆರಳು ಮೇಲೆ ನಿಲ್ಲುತ್ತಿದ್ದುದರಿಂದ ತಲೆಯನ್ನು ತುಸು ಎಡಕ್ಕೆ ವಾಲಿಸಿಯೇ ನಡೆಯಬೇಕಾಗಿತ್ತು. ಎಷ್ಟು ವರ್ಷದ ಅಭ್ಯಾಸವೋ, ಕೋಟು ಬಿಚ್ಚಿಟ್ಟಾಗಲೂ ತಲೆ ಎಡಕ್ಕೇ ಇರುತ್ತಿತ್ತು.

ಅರಳಗುಪ್ಪೆಯಲ್ಲಿ ಅವರಿಗೆ ತೆಂಗಿನ ತೋಟವಿತ್ತು. ಸೌಟು ಕೆತ್ತುತ್ತಿದ್ದುದು ಬರೀ ಪ್ರೀತಿಗೆ. ನಂಟರಲ್ಲಿ ಯಾರ ಮದುವೆಯಾದರೂ ಹೊಸ ಸಂಸಾರಕ್ಕೆ ಅವರದೊಂದು ಸೌಟು ಹೋಗುತ್ತಿತ್ತು. ಅದಕ್ಕೊಂದು ಕಟ್ಟಳೆ: ಕೊಟ್ಟವನನ್ನು ಕೂರಿಸಿ ಅದೇ ಸೌಟಿನಲ್ಲಿ ಒಂದು ಹೊತ್ತು ಬಡಿಸಬೇಕು. ಅಲ್ಲಿಯವರೆಗೆ ಸೌಟು ಆ ಮನೆಯದಲ್ಲ, ನಂಟೂ ಪೂರ್ತಿಯಲ್ಲ.

"ಕೊಟ್ಬುಟ್ರೆ ಆಯ್ತೇನ್ಲಾ? ಬಡಿಸ್ದಾಗ ಗೊತ್ತಾಯ್ತದೆ ಕೈ ಹೆಂಗೈತೆ ಅಂತ" ಎಂದು ತಂಗಿಯ ಮಗನಾದ ನನಗೆ ಹೇಳುತ್ತಿದ್ದರು. ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದ ನಾನು ಪುರಾವೆ ಕೇಳಿದರೆ, "ಉಣ್ಣು, ಸಿಕ್ತದೆ" ಎನ್ನುತ್ತಿದ್ದರು.

೧೯೭೯ರಲ್ಲಿ ಮಗಳು ಶಾಂತಕುಮಾರಿಯನ್ನು ಕಂದಿಕೆರೆಗೆ ಕೊಟ್ಟಾಗ ಮಾವ ಹಿಂದೆಂದೂ ಕೆತ್ತದಂಥ ಸೌಟು ಕೆತ್ತಿದರು. ಹಿಡಿಯ ತುದಿಯಲ್ಲಿ ಆಗಷ್ಟೇ ಬಿರಿದ ಹೊಂಬಾಳೆ. ಕಣ್ಣು ಮುಚ್ಚಿ ಸವರಿದರೂ ಮೊಗ್ಗುಗಳು ಬೆರಳಿಗೆ ತಾಗುತ್ತಿದ್ದವು.

ಕಂದಿಕೆರೆಯವರು ಮೊದಲ ಸಲ ಊಟಕ್ಕೆ ಕರೆದಾಗ ನಾನೂ ಜೊತೆಗಿದ್ದೆ. ಎಲೆಗೆ ಒತ್ತುಶಾವಿಗೆ ಬಿತ್ತು. ಶಾಂತಕುಮಾರಿಯ ಅತ್ತೆ ಶಿವರುದ್ರಮ್ಮ ಕಾಯಿಹಾಲಿನ ಪಾತ್ರೆ ತಂದರು. ಅದರೊಳಗೆ ಫಳಫಳ ಹೊಳೆಯುವ ಸ್ಟೀಲ್ ಸೌಟು. ಮಾವ ಎಲೆಗೆ ಎರಡೂ ಕೈ ಅಡ್ಡ ಹಿಡಿದರು.

"ಯಾಕ್ರೀ ಬೀಗ್ರೇ, ಸಿಹಿ ಬ್ಯಾಡ್ವಾ?"

"ಬೇಕು ಕಣ್ರಮ್ಮ. ನನ್ ಸೌಟೆಲ್ಲಿ?"

ಶಿವರುದ್ರಮ್ಮ ಹೆಮ್ಮೆಯಿಂದ ನಡುಮನೆಯ ಗಾಜಿನ ಬೀರು ತೋರಿಸಿದರು. ಎರಡು ಗೊಂಬೆಗಳ ನಡುವೆ ಹೊಂಬಾಳೆಯ ಸೌಟು ವಾರ್ನಿಷ್ ಬಳಿಸಿಕೊಂಡು ಮಿನುಗುತ್ತಿತ್ತು. "ಅಂಥ ಚೆಂದದ್ದನ್ನ ಮಸಿ ಮಾಡಕ್ಕೆ ಮನ್ಸು ಬರ್ಲಿಲ್ಲ. ಮೊನ್ನೆ ತಾನೇ ಪಾಲಿಶ್ ಮಾಡ್ಸಿದೀನಿ."

ಅಡುಗೆಮನೆಯ ಬಾಗಿಲಲ್ಲಿ ಶಾಂತಕುಮಾರಿ ಸೆರಗಿನ ತುದಿ ಹಿಂಡುತ್ತಿದ್ದಳು. ಅಪ್ಪ ಉಣ್ಣದೆ ಎದ್ದರೆ ಆ ಮನೆಯಲ್ಲಿ ಅವಳು ತಲೆಯೆತ್ತುವುದು ಕಷ್ಟ. ಸುಮ್ಮನೆ ಉಂಡರೆ ಅಪ್ಪನ ಕಟ್ಟಳೆ ಸ್ವಂತ ಮಗಳ ಮನೆಯಲ್ಲೇ ಮುರಿದಂತೆ.

ಮಾವ ಸೌಟು ತರಿಸಿ, ಮೂಸಿ, ನನ್ನತ್ತ ಚಾಚಿದರು. "ಏನ್ಲಾ ಸೈನ್ಸು, ಇದ್ರಾಗೆ ಬಡಿಸ್ಬೋದಾ?"

ಟರ್ಪೆಂಟೈನಿನ ವಾಸನೆ ಇನ್ನೂ ಗಾಢವಾಗಿತ್ತು. "ಬ್ಯಾಡ ಮಾವ, ಹೊಟ್ಟೆಗೆ ಒಳ್ಳೇದಲ್ಲ."

ಶಿವರುದ್ರಮ್ಮನ ಮುಖ ಸಪ್ಪಗಾಯಿತು. ಮಾವ ಹೆಬ್ಬೆರಳಿನಿಂದ ಹೊಂಬಾಳೆಯನ್ನು ಒಂದು ಸಲ ಸವರಿ ಆಕೆಗೆ ಹಿಂದಿರುಗಿಸಿದರು. ಆಮೇಲೆ ಹೊಟ್ಟೆ ಕುಣಿಯುವಂತೆ ನಕ್ಕು ಕೋಟಿನೊಳಗೆ ಕೈಹಾಕಿದರು. ಹೊರಬಂದದ್ದು ಯಾವ ಕೆತ್ತನೆಯೂ ಇಲ್ಲದ, ಸಾರು ಕುಡಿದು ಕಪ್ಪಾದ ಅವರ ಸೌಟು.

"ಅದು ಬೀರುನಾಗೇ ಇರ್ಲಿ ಬುಡಿ. ಇದನ್ನ ತೊಳ್ಕಂಡು ಬಡಿಸಿ. ಇದೂ ನಾನೇ ಕೆತ್ತಿದ್ದು. ಇನ್ಮೇಲೆ ನಿಮ್ದು."

ಶಿವರುದ್ರಮ್ಮ ಬಡಿಸಿದರು. ಶಾವಿಗೆ ತೇಲುವ ಹಾಗೆ ಬಡಿಸಿದರು. ಮಾವ "ಸಾಕು, ಸಾಕು" ಎಂದರೆ, "ಸೌಟು ನೀವೇ ಇಷ್ಟು ದೊಡ್ದಾಗಿ ಕೆತ್ತಿದೀರಿ, ಅನುಭವಿಸಿ!" ಎಂದು ಇನ್ನೊಂದು ಸುರಿದರು. ಬಾಗಿಲಲ್ಲಿ ಶಾಂತಕುಮಾರಿ ಸೆರಗು ಬಿಟ್ಟು ಬಾಯಿ ಮುಚ್ಚಿಕೊಂಡು ನಕ್ಕಳು.

ಹೊರಡುವಾಗ ಶಿವರುದ್ರಮ್ಮ ಆ ಸ್ಟೀಲ್ ಸೌಟನ್ನೇ ತಂದು ಕೊಟ್ಟರು. "ಬರೀ ಜೇಬಲ್ಲಿ ಕಳ್ಸಕ್ಕಾಯ್ತದಾ ಬೀಗ್ರೇ? ಇದ್ರಾಗೆ ಬಡಿಸ್ಕಳಕ್ಕೆ ನಾವೂ ಬತ್ತೀವಿ. ಅಲ್ಲೀಗಂಟ ಇದು ನಂದೇ!"

ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸಲು ಇಳಿದಾಗ ಮಾವನ ಕತ್ತಿನ ಪಕ್ಕದಲ್ಲಿ ಸ್ಟೀಲು ಬಿಸಿಲಿಗೆ ಹೊಳೆಯುತ್ತಿತ್ತು. ಕೊಬ್ಬರಿ ಮೂಟೆ ಹೊರುತ್ತಿದ್ದ ದಾಸಯ್ಯ ಕೂಗಿದ: "ಏನ್ ಸ್ವಾಮಿ, ಸೌಟಿಗೂ ಹೊಸ ಬಟ್ಟೆ ತಂದ್ರಾ?" ಮಾವ ತಲೆಯನ್ನು ಇನ್ನಷ್ಟು ಎಡಕ್ಕೆ ವಾಲಿಸಿ, ಮದುಮಗನ ಠೀವಿಯಲ್ಲಿ ನಡೆದರು.

ಕೊಡುವವರು ಲೋಕದಲ್ಲಿ ಬಹಳ ಮಂದಿ ಇದ್ದಾರೆ. ಕೊಟ್ಟದ್ದು ಒಲೆಯ ಮುಂದೆ ಕಪ್ಪಾಗಲಿ, ಸವೆಯಲಿ ಎಂದು ಆಸೆಪಡುವವರು ಕಡಿಮೆ. ಅಂಥವರಿಗೂ ಹಟ ಇರುತ್ತದೆ. ಆದರೆ ಎಲೆಗೆ ಅಡ್ಡ ಹಿಡಿದ ಕೈಯನ್ನು ಯಾವಾಗ ತೆಗೆಯಬೇಕೆಂಬುದೂ ಅವರಿಗೆ ಗೊತ್ತಿರುತ್ತದೆ.