ಮೇಷ್ಟ್ರ ಸಮಾಧಾನ

“ತಲೆ ಕಡೆ ಎತ್ತಿ, ಸ್ವಲ್ಪ ಓರೆ ಮಾಡ್ಕೊಳ್ರಪ್ಪಾ,” ಎಂದು ಚರ್ಚಿನ ಅಯ್ಯನವರೇ ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ಚಾಮರಾಜಪೇಟೆಯ ಆ ವಠಾರದ ಬಾಗಿಲಲ್ಲಿ ಜಯಶೀಲ ಮೇಷ್ಟ್ರ ಶವಪೆಟ್ಟಿಗೆ ತೂರಲೊಲ್ಲದು. ಹೆಂಡತಿ ಕೃಪಾವತಿ ಗೋಡೆಗೊರಗಿ ನೋಡುತ್ತಿದ್ದಳು. ಸತ್ತ ಗಂಡನ ಮೇಲೆ ಅವಳಿಗಿನ್ನೂ ಕೋಪವಿತ್ತು.

“ಎಷ್ಟು ಸಾವಿನ ಮನೇಲಿ ಸಮಾಧಾನ ಹೇಳಿದಾರೆ ನಿಮ್ಮ ಯಜಮಾನ್ರು!” ಚರ್ಚಿನ ಸಭೆಯ ಸುಕುಮಾರಿ ಅವಳ ಕೈ ಹಿಡಿದಳು. “ದೇವರು ಕಷ್ಟ ಯಾಕೆ ಕೊಡ್ತಾನೆ ಅಂತ ಅವರ ಹಾಗೆ ಬಿಡಿಸಿ ಹೇಳೋರು ಇನ್ನೆಲ್ಲಿ?”

“ಹೌದಮ್ಮ, ಚೆನ್ನಾಗಿ ಹೇಳೋರು,” ಎಂದಳು ಕೃಪಾವತಿ. ಕೇಳಿ ಕೇಳಿ ಅವಳಿಗೆ ಸಾಕುಸಾಕಾಗಿತ್ತು.

*

ಮಗಳು ಸ್ನೇಹಲತಾ ಮೆದುಳು ಜ್ವರದಲ್ಲಿ ಹೋದಾಗ ಇನ್ನೂ ಶಾಲೆಗೆ ಹೋಗುವ ಹುಡುಗಿ. ಮಣ್ಣು ಮಾಡಿ ಬಂದ ಸಂಜೆಯೇ ಮೇಷ್ಟ್ರು ಹೆಂಡತಿಯನ್ನು ಕೂರಿಸಿಕೊಂಡು ಶುರುಮಾಡಿದ್ದರು. ಪಾಪ, ಒಳ್ಳೆಯ ಮನುಷ್ಯ. ಆದರೆ ಉತ್ತರ ಕೊಡದೆ ಸುಮ್ಮನಿರಲು ಬಾರದು.

“ದೇವರು ಕೆಟ್ಟದ್ದು ಮಾಡಲ್ಲ ಕೃಪಾ. ಮನುಷ್ಯನಿಗೆ ಸ್ವಂತ ಇಚ್ಛೆ ಕೊಟ್ಟ. ನಾವು ಅದನ್ನ ಕೆಡಿಸ್ಕೊಂಡ್ವಿ, ಕೇಡು ಬಂತು.”

“ಜ್ವರಕ್ಕೂ ಸ್ವಂತ ಇಚ್ಛೆ ಇತ್ತೇನ್ರೀ?”

“ನಮಗೆ ಕಾಣೋದು ಅರ್ಧ, ಅವನಿಗೆ ಪೂರ್ತಿ ಕಾಣತ್ತೆ. ಅವನ ಮಗನೂ ನೋವು ತಿಂದ ಅಲ್ವಾ?”

ತಿಂದ, ನೀವು ತಿಂದ್ರಾ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಗಂಡ ಅತ್ತದ್ದನ್ನು ಅವಳು ಅಂದೂ ನೋಡಲಿಲ್ಲ, ಆಮೇಲೂ ನೋಡಲಿಲ್ಲ. ಪಕ್ಕದಲ್ಲೇ ಮಲಗಿ ಒಬ್ಬಳೇ ಅತ್ತಳು. ಈ ಮನುಷ್ಯನಿಗೆ ಮಗಳ ಮೇಲೆ ಪ್ರೀತಿ ಇತ್ತೋ ಇಲ್ಲವೋ? ಆ ಪ್ರಶ್ನೆಯೊಂದಿಗೇ ಮುದುಕಿಯಾದಳು.

*

ಮೇಷ್ಟ್ರ ಮಣ್ಣು ಮುಗಿಸಿ ಬಂದವರೆಲ್ಲ ಬೀದಿಯ ತುದಿಯಲ್ಲಿ ಚದುರಿದರು. ಗ್ರಂಥಿಗೆ ಅಂಗಡಿಯ ಶೀನಣ್ಣ ಮಾತ್ರ ಕಣ್ಣೊರೆಸಿಕೊಳ್ಳುತ್ತ ಕೃಪಾವತಿಯ ಹಿಂದೆಯೇ ಬಂದ.

“ಮಗಳ ಹತ್ರ ಹೋದ್ರು ಬಿಡಿ ಅಮ್ಮಾ. ಅವಳನ್ನ ನೆನೆಸ್ಕೊಂಡು ಎಷ್ಟು ಅಳೋರು!”

“ಯಾರು?”

“ಮೇಷ್ಟ್ರು. ಚರ್ಚ್ ಮುಗಿಸಿ ಸೀದಾ ನಮ್ಮಂಗಡಿಗೆ ಬರೋರು. ‘ಯಾಕೆ ಕಿತ್ಕೊಂಡ ಶೀನಣ್ಣ?’ ಅನ್ನೋರು. ಅರಿಶಿನ ಕುಂಕುಮ ಮಾರೋನು ನಾನು, ನಂಗೇನ್ ಗೊತ್ತು? ಸುಮ್ನೆ ಕೇಳಿಸ್ಕೊಳ್ತಿದ್ದೆ.”

ಕೃಪಾವತಿಗೆ ಮೈಯೆಲ್ಲ ಉರಿದುಹೋಯಿತು. “ನನ್ನ ಹತ್ರ ಅಳೋಕೇನಾಗಿತ್ತು ಅವರಿಗೆ?”

“ನೀವು ಅವರ ಮಾತು ಹಿಡ್ಕೊಂಡೇ ಬದುಕಿದೀರಂತೆ. ಅವರು ಅತ್ರೆ ನೀವು ಉಳಿಯಲ್ವಂತೆ. ಹಂಗಂತಿದ್ರು.”

“ಅಯ್ಯೋ ಹುಚ್ಚಪ್ಪಾ!” ಎಂದಳು. ಶೀನಣ್ಣನಿಗಲ್ಲ. ಆಮೇಲೆ ಕೇಳಿದಳು: “ಎಲ್ಲಿ ಕೂರ್ತಿದ್ರು?”

ಶೀನಣ್ಣ ಅಂಗಡಿಯ ಬೀಗ ತೆಗೆದು ಶಟರ್ ಎತ್ತಿ, ಕರ್ಪೂರದ ಡಬ್ಬಗಳ ನಡುವಿನ ಸ್ಟೂಲು ತೋರಿಸಿದ. ಅವಳು ಕೂತಳು. ಅವನ ಕೈ ರೂಢಿಯಂತೆ ಶಟರ್ ಎಳೆಯುವ ಕೊಕ್ಕೆಕೋಲಿಗೆ ಹೋಯಿತು.

“ಅವರು ಅಳೋದನ್ನ ಯಾರೂ ನೋಡ್ಬಾರ್ದು ಅಂತ ಅರ್ಧ ಎಳೀತಿದ್ದೆ, ಅಮ್ಮಾ.”

“ಬೇಡ ಶೀನಣ್ಣ, ತೆಗೆದೇ ಇರ್ಲಿ.”

ಬತ್ತಿ ಕೊಳ್ಳಲು ಬಂದ ಹೆಂಗಸೊಬ್ಬಳು ಮೆಟ್ಟಿಲ ಮೇಲೆಯೇ ನಿಂತುಬಿಟ್ಟಳು. ಒಳಗೆ ಕೃಪಾವತಿ, ಬೀದಿಗೆ ಮುಖ ಮಾಡಿಕೊಂಡು, ಸೆರಗನ್ನೂ ಅಡ್ಡ ಹಿಡಿಯದೆ ಅಳುತ್ತಿದ್ದಳು.