ಹಾರ ಬೀಳದ ಪೆಟ್ಟಿಗೆ

ನಾನು ಒಂದು ತಗಡಿನ ಪೆಟ್ಟಿಗೆ. ರೈಲಿನ ಡ್ರೈವರುಗಳು ಡ್ಯೂಟಿಗೆ ಹೋಗುವಾಗ ಎಂಜಿನ್ನಿಗೆ ಏರಿಸಿಕೊಳ್ಳುತ್ತಿದ್ದ ಲೈನ್ ಪೆಟ್ಟಿಗೆ ಅಂದರೆ ನಾನೇ. ಕೆಂಪು ಬಾವುಟ, ಹಸಿರು ಬಾವುಟ, ಬ್ಯಾಟರಿ, ಬಟ್ಟೆಯಲ್ಲಿ ಕಟ್ಟಿದ ರೊಟ್ಟಿ, ಎಲ್ಲ ನನ್ನ ಹೊಟ್ಟೆಯಲ್ಲಿ. ಹುಟ್ಟಿದ್ದು ಮುದ್ದಾಪುರ ಜಂಕ್ಷನ್ನಿನ ಹಿಂದಿನ ಓಣಿಯಲ್ಲಿ. ನನ್ನನ್ನು ಬಡಿದು ಮಾಡಿದವನು ಮುಚ್ಚಳದ ಕೀಲನ್ನು ಬೇಕೆಂದೇ ಬಿಗಿ ಮಾಡಿದ. “ಬ್ಯಾರೇದವರ ಕೈ ಒಳಗ ಬಂದ್ರ ಕಚ್ಚಬೇಕು ನೋಡ್ರಿ ಇದು,” ಅಂದ. ಆ ಗುಣ ನನಗೆ ಹುಟ್ಟಿನಿಂದ ಬಂದದ್ದು.

ನನ್ನನ್ನು ಮಾಡಿಸಿಕೊಂಡವನು ದಸ್ತಗೀರಸಾಬ. ಕಲ್ಲಿದ್ದಲು ಎಂಜಿನ್ನಿನ ಡ್ರೈವರ್. ಕೆಳಗಿನಿಂದ ನೋಡಿದರೆ ನನಗೆ ಅವನ ಮೊಣಕಾಲು ಮತ್ತು ಗಡ್ಡ ಮಾತ್ರ ಕಾಣುತ್ತಿದ್ದವು. ಅವನ ಕೈಕೆಳಗೆ ಕಲ್ಲಿದ್ದಲು ಎಸೆಯುವ ಹುಡುಗ ದ್ಯಾಮಣ್ಣ. ಒಂದು ದಿನ ಒಲೆಯ ಬಾಗಿಲು ತೆಗೆದಾಗ ಕೆಂಡ ಸಿಡಿದು ದ್ಯಾಮಣ್ಣನ ಎಡಗಣ್ಣಿನ ರೆಪ್ಪೆ ಸುಟ್ಟಿತು. ಕಣ್ಣು ಉಳಿಯಿತು. ರೆಪ್ಪೆ ಮಾತ್ರ ಮತ್ತೆ ಪೂರ್ತಿ ಮೇಲೇಳಲಿಲ್ಲ. ಎಂಜಿನ್ ಶೆಡ್ಡಿನವರೆಲ್ಲ ಅವನನ್ನು ನಿದ್ದಿಗಣ್ಣ ಎಂದು ಕರೆದರು.

“ಲೇ ನಿದ್ದಿಗಣ್ಣ, ಸಿಗ್ನಲ್ ಏನಂತೈತಿ?”

“ಹಸಿರು ಐತ್ರಿ ಚಾಚಾ.”

“ಹಸಿರು.”

ಎಂಜಿನ್ನಿನ ಪದ್ಧತಿಯೇ ಹಾಗೆ. ಒಬ್ಬ ನೋಡಿ ಕೂಗಬೇಕು, ಇನ್ನೊಬ್ಬ ತಾನೂ ನೋಡಿ ಮರಳಿ ಕೂಗಬೇಕು. ಡ್ರೈವರುಗಳು ತೂಕಡಿಸುವುದೇ ಇಲ್ಲ ಎಂದು ನಾನು ಹೇಳುವುದಿಲ್ಲ. ಒಮ್ಮೆ ದ್ಯಾಮಣ್ಣ “ಕೆಂಪು ಐತ್ರಿ” ಎಂದು ಕೂಗಿದ, ಮರುದನಿ ಬರಲಿಲ್ಲ. ಸಲಿಕೆಯ ಹಿಡಿಯಿಂದ ಸಾಬನ ಪಕ್ಕೆಗೆ ತಿವಿದ. ಗಾಡಿ ನಿಂತಿತು. “ಚಲೋ ತಿವದಿ ಮಗನ,” ಅಂದ ಸಾಬ. ಮಾತು ಅಲ್ಲಿಗೇ ಮುಗಿಯಿತು.

ಸಾಬ ರಿಟೈರ್ ಆಗುವ ದಿನ ಕೊನೆಯ ಟ್ರಿಪ್ಪು. ಎಂಜಿನ್ನಿಗೆ ಬಾಳೆಕಂದು, ಚೆಂಡು ಹೂವು. ಮುದ್ದಾಪುರದಲ್ಲಿ ಇಳಿದಾಗ ಕೊರಳು ತುಂಬ ಹಾರ. ಅದರಲ್ಲೊಂದನ್ನು ತೆಗೆದು ಅವನು ನನ್ನ ಮೇಲೆ ಹಾಕಿದ. “ನನ್ನಷ್ಟ ಇದೂ ತಿರುಗೈತಿ,” ಅಂದ. ಆಮೇಲೆ ನನ್ನನ್ನು ದ್ಯಾಮಣ್ಣನ ಕೈಗೆ ಕೊಟ್ಟ. “ನಿನ್ನ ಕಡೀ ಟ್ರಿಪ್ಪಿನ ಹಾರನೂ ಇದರ ಮ್ಯಾಲೆ ಬೀಳ್ಲಿ.”

ದ್ಯಾಮಣ್ಣ ಆ ಮಾತನ್ನು ಮನಸ್ಸಿನಲ್ಲಿಟ್ಟುಕೊಂಡ. ಸಾಬನ ಹೆಸರಿನ ಮೇಲೆ ಕಪ್ಪು ಬಳಿದು ತನ್ನ ಹೆಸರು ಬರೆಸಿದ. ಕಲ್ಲಿದ್ದಲು ಹೋಗಿ ಡೀಸೆಲ್ ಬಂತು, ಡೀಸೆಲ್ ಹೋಗಿ ಕರೆಂಟು ಬಂತು, ಅವನೂ ಡ್ರೈವರ್ ಆದ. ಪೆಟ್ಟಿಗೆಗಳನ್ನು ಎಂಜಿನ್ನಿಗೆ ಹೊತ್ತುಕೊಡುತ್ತಿದ್ದವರ ಕೆಲಸವೇ ಇಲ್ಲದಂತಾಯಿತು. ಉಳಿದ ಡ್ರೈವರುಗಳು ಗಾಲಿಯ ಬ್ಯಾಗು ಎಳೆಯತೊಡಗಿದರು. ದ್ಯಾಮಣ್ಣ ನನ್ನನ್ನು ಹೆಗಲ ಮೇಲೆ ಹೊತ್ತ. ಅವನ ಸಹಾಯಕಿಯಾಗಿ ಬಂದ ಶಶಿಕಲಾ ಎಂಬ ಹುಡುಗಿ ನಗುತ್ತಿದ್ದಳು.

“ಇದನ್ನ ಮ್ಯೂಸಿಯಮ್ಮಿಗೆ ಕೊಡ್ರಿ ಕಾಕಾ.”

“ನನ್ನೂ ಅಲ್ಲೇ ಇಡ್ತಾರ ತಗೋ. ಮೊದಲ ಇದಕ್ಕ ಹಾರ ಬೀಳ್ಲಿ.”

ದ್ಯಾಮಣ್ಣ ರಿಟೈರ್ ಆಗಲು ವರ್ಷ ಒಪ್ಪತ್ತು ಇರುವಾಗ ಅದು ಬಂತು. ಅಡಕೆಯಷ್ಟು ದಪ್ಪದ ಗಾಜಿನ ಕಣ್ಣು, ಒಂದು ಕ್ಯಾಮರಾ. ಹೊರಗಿನ ಕಂಪನಿಯ ಹುಡುಗರು ಅದನ್ನು ಡ್ರೈವರನ ಮುಖದೆದುರು ತಿರುಪು ಹಾಕಿ ಕೂರಿಸಿದರು. ಅದಕ್ಕೆ ಬುದ್ಧಿಯಿದೆಯಂತೆ, ತನ್ನಷ್ಟಕ್ಕೆ ಕಲಿಯುತ್ತದಂತೆ. ಡ್ರೈವರನ ರೆಪ್ಪೆ ಇಳಿದರೆ ಕಿರುಚುತ್ತದೆ, ದೂರು ಆಫೀಸಿಗೆ ಹೋಗುತ್ತದೆ. ನಾನು ಬದುಕಿನಲ್ಲಿ ಯಾರನ್ನೂ ದ್ವೇಷಿಸಿದ್ದಿಲ್ಲ. ಇದನ್ನು ಕಂಡ ದಿನವೇ ದ್ವೇಷಿಸಿದೆ. ಎಂಜಿನ್ನಿನಲ್ಲಿ ಎಲ್ಲರೂ ಮುಂದೆ ಹಳಿ ನೋಡುವವರು. ಹಳಿಗೆ ಬೆನ್ನು ಹಾಕಿ ಮನುಷ್ಯನ ಮುಖ ನೋಡುತ್ತ ಕೂತದ್ದು ಅದೊಂದೇ.

ಮೊದಲ ಟ್ರಿಪ್ಪಿನಲ್ಲೇ ಅದು ದ್ಯಾಮಣ್ಣನನ್ನು ನೋಡಿ ಕಿರುಚಿತು. ಸುಮ್ಮನಾಯಿತು, ಮತ್ತೆ ಕಿರುಚಿತು. ಮುದ್ದಾಪುರದಲ್ಲಿ ಇಳಿದಾಗ ಶೆಡ್ಡಿನ ಇನ್‌ಸ್ಪೆಕ್ಟರ್ ಸಾಹೇಬರು ಕರೆಸಿದರು. ದ್ಯಾಮಣ್ಣ ನನ್ನನ್ನು ಮೇಜಿನ ಪಕ್ಕ ಇಳಿಸಿ ನಿಂತ.

“ದ್ಯಾಮಣ್ಣಾರ, ಡ್ಯೂಟಿಮ್ಯಾಲೆ ಮಲಗೀರಿ ಅಂತ ಬಂದೈತಿ.”

“ನನ್ನ ಕಣ್ಣು ಹಿಂಗ ಅಂತ ನಿಮಗ ಗೊತ್ತಿಲ್ಲೇನ್ರಿ ಸಾಹೇಬ್ರ?”

“ನನಗ ಗೊತ್ತೈತಿ. ಅದಕ್ಕ ಗೊತ್ತಿಲ್ಲ.”

“ಹಂಗಾರ ಅದಕ್ಕ ಹೇಳ್ರಿ.”

“ನಾವು ಹೇಳಿದ್ದು ಅದು ಕೇಳೂದಿಲ್ಲ. ಅದು ಹೇಳಿದ್ದು ನಾವು ಕೇಳಬೇಕು.” ಸಾಹೇಬರ ದನಿ ಇಳಿಯಿತು. “ಇನ್ನೊಮ್ಮೆ ಬಂದ್ರ ಎಂಜಿನ್ನಿಂದ ಇಳಸ್ತಾರ. ಮ್ಯಾಲಿಂದ ಆರ್ಡರ್. ನನ್ನ ಕೈಯಾಗ ಏನೂ ಇಲ್ಲ.”

ಮರುದಿನ ದ್ಯಾಮಣ್ಣ ಎಂಜಿನ್ ಹತ್ತಿದವನೇ ನನ್ನ ಮುಚ್ಚಳ ತೆಗೆದು ಔಷಧಿ ಅಂಗಡಿಯಿಂದ ತಂದ ಅಂಟುಪಟ್ಟಿ ಹೊರತೆಗೆದ. ಎಡ ರೆಪ್ಪೆಯನ್ನು ಬೆರಳಿನಿಂದ ಎತ್ತಿ ಹುಬ್ಬಿಗೆ ಅಂಟಿಸಿದ. ಕಣ್ಣು ಹೆದರಿದವನ ಕಣ್ಣಿನಂತೆ ಅಗಲವಾಗಿ ತೆರೆದುಕೊಂಡಿತು.

“ಇದೇನ್ರಿ ಕಾಕಾ?” ಶಶಿಕಲಾ ಗಾಬರಿಯಾದಳು.

“ಅದಕ್ಕ ಕಣ್ಣು ಬೇಕಂತ. ನೋಡ್ಲಿ, ಹೊಟ್ಟಿ ತುಂಬ ನೋಡ್ಲಿ.”

ಅಂದಿನಿಂದ ಆ ಗಾಜಿನ ಕಣ್ಣು ಕಿರುಚಲಿಲ್ಲ. ಅದರ ಲೆಕ್ಕದಲ್ಲಿ ದ್ಯಾಮಣ್ಣ ಒಳ್ಳೆಯ ಡ್ರೈವರ್ ಆಗಿಬಿಟ್ಟ. ನಮ್ಮದು ಅದಿರು ಗಾಡಿಯ ದಾರಿ. ಬೇಸಿಗೆಯ ಬಿಸಿಗಾಳಿ, ಅದರಲ್ಲಿ ಕೆಂಪು ಧೂಳು. ಮುಚ್ಚಲಾರದ ಕಣ್ಣಿಗೆ ಅದೆಲ್ಲ ನೇರವಾಗಿ ಬಡಿಯಿತು. ಕಣ್ಣು ಕೆಂಪಾಯಿತು, ನೀರಾಡಿತು, ಕೀವು ಕಟ್ಟಿತು. ಕರವಸ್ತ್ರ ಒದ್ದೆ ಮಾಡಿ ಕಣ್ಣಿಗೆ ಒತ್ತಿಕೊಂಡು, ಆಮೇಲೆ ನನ್ನ ಮೇಲೆ ಹರವಿಡುತ್ತಿದ್ದ. ಶಶಿಕಲಾ ಬೈದಳು. “ಡಾಕ್ಟರಿಗೆ ತೋರಸ್ರಿ ಅಂದ್ರ ಕೇಳವಲ್ಲಿರಿ. ಹಾರದ ಆಸೆಗೆ ಕಣ್ಣು ಕಳ್ಕೋತೀರೇನು?” ಅವನು ನನ್ನ ಮುಚ್ಚಳ ತಟ್ಟಿದ.

ಗಣಪತಿ ಹಬ್ಬದ ಹಿಂದುಮುಂದು ಒಂದು ಮಧ್ಯಾಹ್ನ, ತಿರುವಿನಾಚೆ ಎಡಗಡೆಗೆ ಸಿಗ್ನಲ್ ಬಂತು.

“ಹಳದಿ ಐತ್ರಿ,” ಕೂಗಿದಳು ಶಶಿಕಲಾ.

“ಹಳದಿ,” ಅಂದ ದ್ಯಾಮಣ್ಣ. ವೇಗವನ್ನೂ ಇಳಿಸಿದ. ಆದರೆ ಮರುದನಿ ಒಂದು ಉಸಿರಿನಷ್ಟು ತಡವಾಗಿತ್ತು. ಹುಡುಗಿ ಅವನತ್ತ ತಿರುಗಿದಳು.

“ಕಾಕಾ, ನೀವು ನೋಡಿ ಹೇಳಿದ್ರೋ, ನಾ ಅಂದದ್ದು ಕೇಳಿ ಹೇಳಿದ್ರೋ?”

ಅವನು ಗಾಡಿಯನ್ನು ಮುಂದಿನ ಸ್ಟೇಷನ್ನಿಗೆ ತಂದು ನಿಲ್ಲಿಸಿದ. ಆಮೇಲೆ ಅಂಟುಪಟ್ಟಿಯನ್ನು ಕಿತ್ತ. ಹುಬ್ಬಿನ ಕೂದಲೂ ಕಿತ್ತುಬಂದವು. “ಕೇಳಿ ಹೇಳಿದ್ನವ್ವ,” ಅಂದ. “ನಾಳೆ ಕಣ್ಣು ತೋರಸ್ತೀನಿ.”

ಗಾಜಿನ ಕಣ್ಣು ಆ ದಾರಿಯುದ್ದಕ್ಕೂ ಸುಮ್ಮನಿತ್ತು. ರೆಪ್ಪೆ ತೆರೆದಿತ್ತಲ್ಲ, ಅದಕ್ಕೆ ಅಷ್ಟು ಸಾಕಿತ್ತು. ಆ ಕಣ್ಣಿಗೆ ಕಾಣುತ್ತದೋ ಇಲ್ಲವೋ ಎಂದು ಕೇಳುವ ಬುದ್ಧಿಯನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ.

ಕಣ್ಣುಗುಡ್ಡೆಯ ಮೇಲೆ ಬಿಳಿ ಕಲೆ ಬಿದ್ದಿತ್ತು. ಡಾಕ್ಟರು ಎಂಜಿನ್ನಿಗೆ ಹೋಗಕೂಡದೆಂದು ಬರೆದರು. ಉಳಿದ ತಿಂಗಳುಗಳಿಗೆ ಆಫೀಸಿನಲ್ಲಿ ಕೆಲಸ ಕೊಟ್ಟರು. ಏನು ಕೆಲಸ ಗೊತ್ತೆ? ಪರದೆಯ ಮುಂದೆ ಕೂತು, ಆ ಗಾಜಿನ ಕಣ್ಣುಗಳು ಕಳಿಸಿದ ಬೇರೆ ಡ್ರೈವರುಗಳ ಮುಖ ನೋಡುವುದು, ಮಲಗಿದ್ದಾರೆಯೇ ಎಂದು ಹೇಳುವುದು. ಮೇಜಿನ ಕೆಳಗಿದ್ದ ನನಗೆ ಅವನ ಕಾಲು ಮಾತ್ರ ಕಾಣುತ್ತಿತ್ತು. ದಿನವಿಡೀ ಬ್ರೇಕು ಹುಡುಕುವಂತೆ ಆ ಕಾಲು ನೆಲ ಒತ್ತುತ್ತಿತ್ತು.

ಕೊನೆಯ ದಿನ ಆಫೀಸಿನವರು ಕುರ್ಚಿಯಲ್ಲಿ ಕೂರಿಸಿ ಶಾಲು ಹೊದಿಸಿದರು. ಹಾರವನ್ನೂ ತಂದಿದ್ದರು. ದ್ಯಾಮಣ್ಣ ಅದನ್ನು ಕೊರಳಿಗೆ ಹಾಕಿಸಿಕೊಳ್ಳದೆ ಮೇಜಿನ ಮೇಲೇ ಇಟ್ಟ. ಬೀಳ್ಕೊಡಲು ಬಂದಿದ್ದ ಶಶಿಕಲಾ ನನ್ನತ್ತ ಕೈ ತೋರಿದಳು.

“ಪೆಟ್ಟಿಗಿ ಒಯ್ಯಂಗಿಲ್ಲೇನ್ರಿ ಕಾಕಾ?”

“ಎಂಜಿನ್ನಿಂದ ತಾವ ಇಳಿದು ಬಂದವರಿಗೆ ಹಾಕೂ ಹಾರ ಅದು. ನನ್ನ ಇಳಿಸ್ಯಾರ. ಮನಿಯಾಗ ಈ ಪೆಟ್ಟಿಗೀನ ದಿನಾ ಹೆಂಗ ನೋಡ್ಲಿ?”

ಬಾಗಿಲವರೆಗೆ ಹೋದವನು ತಿರುಗಿ ಬಂದು ನನ್ನ ಮುಚ್ಚಳದ ಮೇಲೆ ಕೈಯಿಟ್ಟ. ಆಮೇಲೆ ಹೋದ.

ಈಗ ನಾನು ಶೆಡ್ಡಿನ ಹಿಂಬದಿಯ ಗುಜರಿ ರಾಶಿಯಲ್ಲಿದ್ದೇನೆ. ಬಣ್ಣ ಉದುರುತ್ತಿದೆ. ದ್ಯಾಮಣ್ಣನ ಹೆಸರಿನ ಕೆಳಗಿನಿಂದ ದಸ್ತಗೀರಸಾಬನ ಹೆಸರು ಇಣುಕುತ್ತಿದೆ. ಮೊನ್ನೆ ಮೊನ್ನೆ ಎಂಜಿನ್ನುಗಳಿಗೆ ಹೊಸ ತರಹದ ಕಣ್ಣುಗಳು ಬಂದವಂತೆ. ಇವು ಇನ್ನೂ ಜಾಣ ಅಂತೆ. ಹಳೆಯವನ್ನು ಬಿಚ್ಚಿ ತಂದ ಹುಡುಗರು ಹಾಕಲು ಏನೂ ಸಿಗದೆ ನನ್ನೊಳಗೆ ಸುರಿದರು. ಹೊರಡುವಾಗ ಒಬ್ಬ ಮರೆತದ್ದೇನನ್ನೋ ತೆಗೆಯಲು ಕೈ ಹಾಕಿದ. ಮುಚ್ಚಳ ಬಿತ್ತು.

“ಅಯ್ಯಯ್ಯ, ಕಚ್ಚತೈತಲೇ ಇದು,” ಎಂದು ಬೆರಳು ಚೀಪುತ್ತ ಹೋದ.

ಒಳಗೆ ಆ ಹಳೆಯ ಕಣ್ಣುಗಳು ಒಂದರ ಮೇಲೊಂದು ಬಿದ್ದಿವೆ. ಯಾರ ರೆಪ್ಪೆಯೂ ಅಲ್ಲಿ ಕಾಣುವುದಿಲ್ಲ. ಗುಜರಿಯವನ ಲಾರಿ ಬರುವವರೆಗೆ ನಾನು ಮುಚ್ಚಳ ತೆರೆಯುವುದಿಲ್ಲ.